ಹಳೆಯ ಲ್ಯಾಬಿಗೆ ಎರಡನೇ ಬಾಗಿಲು

ಬೋಧನಾಭ್ಯಾಸಕ್ಕೆಂದು ಉಡುಪಿ, ಕಾಪು, ಕಾರ್ಕಳದ ಶಾಲೆಗಳಿಗೆ ಹೋಗುವ ನಮಗೆ ಕಂಪ್ಯೂಟರ್ ಲ್ಯಾಬಿನಲ್ಲಿ ಈಗ ಹೊಸದೊಂದು ಪ್ರಶ್ನೆ ಎದುರಾಗುತ್ತದೆ. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಹಾಕಲು ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಮತ್ತು ಹೊಸ ಪೀಳಿಗೆಯ ಪ್ರೊಸೆಸರ್ ಬೇಕು. ಹಾಗಾದರೆ ಸರಿಯಾಗಿ ನಡೆಯುತ್ತಿರುವ ಯಂತ್ರಗಳನ್ನು ಗುಜರಿಗೆ ಹಾಕಬೇಕೆ?

ಬೇಡ, ಪೂರ್ತಿ ಲಿನಕ್ಸ್ ಹಾಕಿದರಾಯಿತು ಎನ್ನುವವರಿದ್ದಾರೆ. ನೆರೆಯ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳದ ಕೈಟ್ ಸಂಸ್ಥೆ ಸಿದ್ಧಪಡಿಸಿದ ಉಬುಂಟು ಆಧಾರಿತ ವ್ಯವಸ್ಥೆಯಲ್ಲಿ ಐಸಿಟಿ ಕಲಿಯುತ್ತಾರೆ. ಆದರೆ ಅಲ್ಲಿ ಪಠ್ಯಪುಸ್ತಕ, ಶಿಕ್ಷಕರ ತರಬೇತಿ ಎರಡೂ ಅದಕ್ಕೆ ಹೊಂದಿಕೊಂಡಿವೆ. ನಮ್ಮಲ್ಲಿ ಶಿಕ್ಷಕರು ವರ್ಷಗಳಿಂದ ಉಳಿಸಿಟ್ಟ ಎಷ್ಟೋ ಪ್ರಶ್ನೆಪತ್ರಿಕೆಗಳು ನುಡಿ, ಬರಹದ ಹಳೆಯ ಫಾಂಟುಗಳಲ್ಲಿವೆ. ಯುನಿಕೋಡ್‌ಗೆ ಪರಿವರ್ತಿಸದೆ, ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಆದ್ದರಿಂದ ಹಳೆಯದನ್ನು ಅಳಿಸದೆ ಹೊಸದನ್ನು ಪಕ್ಕದಲ್ಲಿ ಕೂರಿಸುವ ಡ್ಯುಯಲ್ ಬೂಟ್ ನಮ್ಮ ಶಾಲೆಗಳಿಗೆ ಒಪ್ಪುವ ದಾರಿ ಎಂಬುದು ನನ್ನ ಅಭಿಪ್ರಾಯ.

ಕ್ರಮ ಕಷ್ಟದ್ದಲ್ಲ, ಆದರೆ ತಪ್ಪಿಸುವಂತಿಲ್ಲ. ಮೊದಲು ಎಲ್ಲ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಬೇಕು. ಬಿಟ್‌ಲಾಕರ್ ಚಾಲೂ ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಬೇಕು. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಜಾಗ ಬಿಡಿಸಿ, ಫಾಸ್ಟ್ ಸ್ಟಾರ್ಟಪ್ ನಿಲ್ಲಿಸಬೇಕು. ಬಳಿಕ ಪೆನ್‌ಡ್ರೈವಿನಿಂದ ಲಿನಕ್ಸನ್ನು ಸ್ಥಾಪಿಸದೆಯೇ ನಡೆಸಿ, ವೈಫೈ, ಪ್ರೊಜೆಕ್ಟರ್ ಕೆಲಸ ಮಾಡುತ್ತವೆಯೇ ಎಂದು ನೋಡಬೇಕು. ಸ್ಥಾಪಿಸುವಾಗ ಇಡೀ ಡಿಸ್ಕ್ ಅಳಿಸುವ ಆಯ್ಕೆಯನ್ನು ಒತ್ತಲೇಬಾರದು. ನಮ್ಮೂರಿನ ಮಳೆಗಾಲದಲ್ಲಂತೂ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಇಳಿಯಬಾರದು. ಡಿಸ್ಕಿನ ವಿಭಾಗ ಬದಲಾಗುತ್ತಿರುವಾಗ ಕರೆಂಟು ಹೋದರೆ ಕಡತಗಳೂ ಹೋಗಬಹುದು.

ಇದರಿಂದ ಹಳೆಯ ವಿಂಡೋಸ್ ಸುರಕ್ಷಿತವಾಗುವುದಿಲ್ಲ ಎಂಬ ಆಕ್ಷೇಪ ನಿಜ. ಅದಕ್ಕೆ ಇಂಟರ್ನೆಟ್ ಕೊಡದೆ ಹಳೆಯ ಕಡತಗಳಿಗಷ್ಟೇ ಬಳಸಬೇಕು. ಜಿಯೋಜಿಬ್ರಾ, ಸ್ಟೆಲೇರಿಯಂ, ಬ್ರೌಸರಿನ ಫೆಟ್ ಪ್ರಯೋಗಗಳು ಲಿನಕ್ಸಿನಲ್ಲೇ ನಡೆಯಲಿ.

ಮಣಿಪಾಲದಿಂದ ರಿಪೇರಿಯವರು ಬರುವ ತನಕ ಲ್ಯಾಬಿಗೆ ಬೀಗ ಹಾಕಿದರೆ ನಷ್ಟ ಮಕ್ಕಳಿಗೆ. ನಮ್ಮ ಐಸಿಟಿ ಪ್ರಾಯೋಗಿಕದಲ್ಲಿ ಸ್ಲೈಡ್ ತಯಾರಿಗೆ ಸಿಗುವ ಅವಧಿಗಳಲ್ಲಿ ಎರಡನ್ನು ಇದಕ್ಕೆ ಕೊಡುವಂತೆ ಉಪನ್ಯಾಸಕರಲ್ಲಿ ನನ್ನ ವಿನಂತಿ. ಕಾಲೇಜಿನ ಒಂದು ಹಳೆಯ ಯಂತ್ರ ಸಾಕು. ಅದರಲ್ಲಿ ಕೈ ಪಳಗಿಸಿಕೊಂಡು, ಮುಖ್ಯೋಪಾಧ್ಯಾಯರ ಅನುಮತಿ ಪಡೆದ ಮೇಲೆಯೇ ಶಾಲೆಯ ಯಂತ್ರವನ್ನು ಮುಟ್ಟೋಣ.