ಬೇರೆ ನುಡಿಯ ಮಗು ಮನೆಗೆ ಬರುವಾಗ

ಹೆತ್ತ ತಾಯಿಗೂ ಕೂಸಿಗೂ ಪರಸ್ಪರ ಮಾತು ಕಲಿಯಲು ಒಂದೆರಡು ವರ್ಷಗಳ ಬಿಡುವಿರುತ್ತದೆ. ಮೊದಲು ಅಳು, ಆಮೇಲೆ ನಗು, ಆಮೇಲೆ ತೊದಲು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ನುಡಿ ಬೆಳೆಯುತ್ತದೆ. ದತ್ತು ಪಡೆಯುವ ತಾಯಿತಂದೆಯರಿಗೆ ಈ ಬಿಡುವು ಯಾವಾಗಲೂ ದೊರೆಯುವುದಿಲ್ಲ. ಮೂರೋ ನಾಲ್ಕೋ ವರ್ಷದ ಮಗು ಹೊಸ್ತಿಲು ದಾಟಿ ಬರುವಾಗ ಅದರ ಬಾಯಲ್ಲಿ ಮಾತು ತುಂಬಿರುತ್ತದೆ; ಆದರೆ ಅದು ಮನೆಯವರ ಮಾತಲ್ಲ.

ಇದೇನೂ ಅಪೂರ್ವ ಸಂಗತಿಯಲ್ಲ. ೨೦೧೫ರ ಬಾಲನ್ಯಾಯ ಕಾಯಿದೆಯ ಮೇರೆಗೆ ನಡೆಯುವ ದತ್ತು ವ್ಯವಹಾರವನ್ನು ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರವು ಇಡೀ ದೇಶಕ್ಕೆ ಅನ್ವಯಿಸಿ ನೋಡಿಕೊಳ್ಳುತ್ತದೆ. ಮೈಸೂರಿನ ದಂಪತಿಗಳಿಗೆ ಒಡಿಶಾದ ಮಗು ಗೊತ್ತಾಗಬಹುದು. ಮಗುವಿನ ವಿವರ ಕೈಸೇರಿದ ಮೇಲೆ ಅದನ್ನು ಕಾದಿರಿಸಲು ೪೮ ಗಂಟೆ. ಹೋಗಿ ಕಂಡು ಒಪ್ಪುವುದಕ್ಕೆ ೩೦ ದಿನ. ಈ ದಿನಗಳಲ್ಲಿ ಮಂಚ, ಉಡುಪು, ಆಟಿಕೆಗಳೆಲ್ಲ ಮನೆಗೆ ಬರುತ್ತವೆ. ಮಗುವಿನ ಭಾಷೆಯ ಹತ್ತು ಮಾತುಗಳನ್ನು ಕಲಿಯೋಣವೆಂಬುದು ಮಾತ್ರ ಅನೇಕರಿಗೆ ಹೊಳೆಯುವುದೇ ಇಲ್ಲ. "ಮಕ್ಕಳಲ್ಲವೇ, ಆರು ತಿಂಗಳಲ್ಲಿ ಕನ್ನಡ ತಾನಾಗಿ ಬರುತ್ತದೆ" ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಬರುವುದು ನಿಜ. ಆದರೆ ಆ ಆರು ತಿಂಗಳು ಮಗು ತನ್ನ ಹಸಿವನ್ನು ಯಾರಿಗೆ ಹೇಳಬೇಕು?

ಒಡಿಯಾ ಆಡುವ ಮಗುವನ್ನೇ ನೆನೆಯಿರಿ. ಅದು "ಖೀರ" ಎಂದು ಕೇಳಿದರೆ ನಮ್ಮ ಮನೆಗಳಲ್ಲಿ ಪಾಯಸಕ್ಕೆ ಹಾತೊರೆಯುತ್ತಿದೆ ಎಂದುಕೊಳ್ಳುತ್ತೇವೆ. ಅದು ಕೇಳಿದ್ದು ಬರಿಯ ಹಾಲು. ಭೋಕವೆಂದರೆ ಹಸಿವು, ಶೋಷವೆಂದರೆ ಬಾಯಾರಿಕೆ, ಡರವೆಂದರೆ ಹೆದರಿಕೆ. ಶೀತ ನಮಗೆ ತಿಳಿದದ್ದೇ. ಇವುಗಳ ಮುಂದೆ "ಲಾಗುಛಿ" ಎಂಬ ಒಂದು ಮಾತು ಸೇರಿದರೆ ಹಸಿವಾಗುತ್ತಿದೆ, ಬಾಯಾರುತ್ತಿದೆ, ಹೆದರಿಕೆಯಾಗುತ್ತಿದೆ, ಚಳಿಯಾಗುತ್ತಿದೆ ಎಂಬ ನಾಲ್ಕು ವಾಕ್ಯಗಳಾದವು. ಒಂದು ಸಂಜೆಯ ಪಾಠ! ಇಷ್ಟನ್ನು ಬಲ್ಲ ತಾಯಿಗೂ ಬಲ್ಲದ ತಾಯಿಗೂ ಮೊದಲ ರಾತ್ರಿಯಲ್ಲಿ ಎಷ್ಟು ಅಂತರವೆಂಬುದನ್ನು ಊಹಿಸಬಹುದು.

ಆದರೆ ಒಡಿಶಾದಿಂದ ಬಂದ ಮಗುವೆಲ್ಲ ಒಡಿಯಾವನ್ನೇ ಆಡೀತೆಂದು ತಿಳಿಯಬಾರದು. ಅಲ್ಲಿ ಸಂತಾಲಿ ಮನೆಮಾತಿನವರಿದ್ದಾರೆ, ಕುಯಿ ಆಡುವವರಿದ್ದಾರೆ. ಆದುದರಿಂದ ಮಗುವನ್ನು ಕಾಣಲು ಹೋದಾಗ ಮೊದಲು ವಿಚಾರಿಸಬೇಕಾದುದು ಇದನ್ನೇ. ಅಧಿಕಾರಿಗಳಿಗಿಂತ ಮಗುವಿಗೆ ಉಣಿಸಿ ಮಲಗಿಸುವ ಆಯಾಳ ಬಳಿ ಹೆಚ್ಚು ಹೊತ್ತು ಕುಳಿತಿರಿ. ಮಗು ಬಚ್ಚಲಿಗೆ ಹೋಗಬೇಕಾದರೆ ಏನೆನ್ನುತ್ತದೆ? ನೋವಾದರೆ ಏನೆಂದು ಅಳುತ್ತದೆ? ಮಲಗಿಸುವಾಗ ಏನು ಹಾಡುತ್ತಾರೆ? ಯಾವ ಹೆಸರಿಗೆ ಓಗೊಡುತ್ತದೆ? ಇವನ್ನೆಲ್ಲ ಕನ್ನಡ ಅಕ್ಷರಗಳಲ್ಲಿ ಬರೆದುಕೊಳ್ಳಿ. ಅನುಮತಿ ದೊರೆತರೆ ಆಕೆಯ ಜೋಗುಳವನ್ನು ದೂರವಾಣಿಯಲ್ಲಿ ಮುದ್ರಿಸಿಕೊಳ್ಳಿ. ಮಗು ಉಟ್ಟ ಹಳೆಯ ಅಂಗಿಯೊಂದನ್ನು ಒಗೆಯದೆ ತನ್ನಿ. ಪರಿಚಿತ ವಾಸನೆಗೆ ಭಾಷೆ ಬೇಕಿಲ್ಲ. ನಿಮ್ಮ ಭಾವಚಿತ್ರಗಳನ್ನು ಮುಂಚಿತವಾಗಿ ಕಳುಹಿಸಿದರೆ ಮುಖವಾದರೂ ಪರಿಚಯವಾಗಿರುತ್ತದೆ. ಐದು ವರ್ಷ ದಾಟಿದ ಮಗುವಾದರೆ ದತ್ತಿಗೆ ಅದರ ಒಪ್ಪಿಗೆಯೂ ಅಗತ್ಯ. ಆ ಒಪ್ಪಿಗೆಯನ್ನು ಅದಕ್ಕೆ ತಿಳಿಯುವ ನುಡಿಯಲ್ಲಿ ಕೇಳದಿದ್ದರೆ ಅದು ಒಪ್ಪಿಗೆಯೆನಿಸೀತೆ?

ಮನೆಗೆ ಬಂದ ಮೊದಲ ವಾರಗಳಲ್ಲಿ ನೆಂಟರಿಷ್ಟರ ಸಂದಣಿ ಬೇಡ. ಉಣಿಸುವ, ಸ್ನಾನ ಮಾಡಿಸುವ, ಮಲಗಿಸುವ ಕೈ ಒಂದೇ ಆಗಿರಲಿ; ಹೊತ್ತೂ ತಪ್ಪದಿರಲಿ. ನಾಳೆ ಏನಾಗುವುದೆಂದು ಮಾತಿನಲ್ಲಿ ತಿಳಿಯಲಾರದ ಮಗುವಿಗೆ ದಿನಚರಿಯೇ ಭರವಸೆ. ಅನ್ನ ಬಡಿಸುತ್ತ "ಅನ್ನ" ಎನ್ನಿ, ನೀರು ಕೊಡುತ್ತ "ನೀರು, ಪಾಣಿ" ಎಂದು ಎರಡನ್ನೂ ಹೇಳಿ. ಒಡಿಶಾದ ಪಖಾಳವು ನಮ್ಮ ನೀರನ್ನಕ್ಕೆ ದೂರದ್ದಲ್ಲ; ಅದನ್ನೊಂದು ದಿನ ಬಡಿಸಿ ನೋಡಿ. ಕಣ್ಣಾಮುಚ್ಚಾಲೆಗೆ, ಎಣ್ಣೆ ತಿಕ್ಕುವುದಕ್ಕೆ, ಕೂಸುಮರಿಗೆ ವ್ಯಾಕರಣದ ಹಂಗಿಲ್ಲ. "ಅಮ್ಮ ಅನ್ನು, ಅಮ್ಮ ಅನ್ನು" ಎಂದು ಒತ್ತಾಯಿಸಬೇಡಿ. ಆ ಮಗು ಇದುವರೆಗೆ ಎಷ್ಟು ಜನರನ್ನು "ಮಾ" ಎಂದು ಕರೆದು ಕಳೆದುಕೊಂಡಿದೆಯೋ!

ಕೆಲವು ಮಕ್ಕಳು ವಾರಗಟ್ಟಲೆ ಬಾಯಿಯನ್ನೇ ತೆರೆಯುವುದಿಲ್ಲ. ಅದು ಮಂದಬುದ್ಧಿಯಲ್ಲ, ಕಿವಿಯಿಂದ ಒಳಗೆ ತುಂಬಿಕೊಳ್ಳುವ ಕಾಲ. ತನ್ನ ಭಾಷೆಗೂ ಸದ್ದಿಗೂ ತಿರುಗಿ ನೋಡದಿದ್ದರೆ ಮಾತ್ರ ವೈದ್ಯರಿಗೆ ತೋರಿಸಬೇಕು. ಬೆಂಗಳೂರಿನಂತಹ ಊರಿನಲ್ಲಿ ಒಡಿಯಾ ಬಲ್ಲವರಿಗೆ ಬರವಿಲ್ಲ. ನಂಬಿಕಸ್ಥರೊಬ್ಬರನ್ನು ಕರೆಸಿ ಮಾತನಾಡಿಸಿ. ಆದರೆ "ನಿನ್ನನ್ನು ಹಿಂದಕ್ಕೆ ಒಯ್ಯಲು ಬಂದವನಲ್ಲ" ಎಂದು ಮೊದಲೇ ಅವರಿಂದ ಹೇಳಿಸಿ.

ಇನ್ನು, ಕನ್ನಡ ಬೇಗ ಬರಲೆಂದು ಹಳೆಯ ಮಾತನ್ನು ಆಡಗೊಡದ ಮನೆಗಳೂ ಉಂಟು. ಅದು ಏನೇನೂ ಅಗತ್ಯವಿಲ್ಲದ ಕ್ರೌರ್ಯ. ಹಳೆಯ ನುಡಿ ನಾವು ಅಳಿಸಿದರೂ ಪೂರ್ಣ ಅಳಿಯುವುದಿಲ್ಲವೆಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಚೀನದಿಂದ ಎಳೆವಯಸ್ಸಿನಲ್ಲೇ ದತ್ತು ಬಂದು, ಕೆನಡಾದ ಮಾಂಟ್ರಿಯಲ್‌ನಲ್ಲಿ ಫ್ರೆಂಚ್ ಮಾತ್ರ ಆಡುತ್ತ ಬೆಳೆದ ಹುಡುಗಿಯರನ್ನು ಪರೀಕ್ಷಿಸಿದ ವರದಿ ೨೦೧೪ರಲ್ಲಿ ಪ್ರಕಟವಾಯಿತು. ಅವರಿಗೆ ಚೀನೀ ಭಾಷೆ ಒಂದಕ್ಷರವೂ ಬಾರದು. ಆದರೂ ಅದರ ಸ್ವರಗಳು ಕಿವಿಗೆ ಬಿದ್ದಾಗ ಅವರ ಮಿದುಳು ಚೀನೀ ಬಲ್ಲವರ ಮಿದುಳಿನಂತೆಯೇ ಸ್ಪಂದಿಸಿತು. ಕೊರಿಯದಿಂದ ಹಾಲೆಂಡಿಗೆ ದತ್ತು ಹೋಗಿ ಪ್ರಾಯಕ್ಕೆ ಬಂದವರು ಕೊರಿಯನ್ ಧ್ವನಿಗಳನ್ನು ಇತರರಿಗಿಂತ ಚೆನ್ನಾಗಿ ಕಲಿತರೆಂದು ೨೦೧೭ರ ಇನ್ನೊಂದು ವರದಿ ಹೇಳಿತು. ನಾವು ಮರೆಸಿದೆವೆಂದುಕೊಂಡದ್ದು ಒಳಗೆಲ್ಲೋ ಉಸಿರಾಡುತ್ತಲೇ ಇರುತ್ತದೆ.

ಮಗು ತನ್ನ ಊರನ್ನು, ತನ್ನವರನ್ನು, ಬಲ್ಲ ಮುಖಗಳನ್ನೆಲ್ಲ ಬಿಟ್ಟು ಬರುತ್ತದೆ. ಜೊತೆಗೆ ತಂದ ಗಂಟು ಒಂದೇ, ಅದರ ಮಾತು. ಆ ಗಂಟನ್ನು ಬಾಗಿಲಲ್ಲೇ ಇಳಿಸಿ ಬಾ ಎನ್ನುವುದು ಬೇಡ. ಕನ್ನಡದತ್ತ ಸಾವಿರ ಹೆಜ್ಜೆಗಳನ್ನು ಅದು ಹೇಗೂ ಇಡಲೇಬೇಕು. ಅದಕ್ಕೆ ಮೊದಲು ಅದರತ್ತ ಹತ್ತು ಹೆಜ್ಜೆಗಳನ್ನು ದೊಡ್ಡವರಾದ ನಾವು ಇಡೋಣ.