ಮೊಲ ಕೂಗುವುದಿಲ್ಲ

ಮಗುವಿನ ಹುಟ್ಟುಹಬ್ಬಕ್ಕೆಂದು ಒಂದು ಜೊತೆ ಬಿಳಿ ಮೊಲ ತಂದವರೇ, ಆಟ ಮುಗಿದ ಮೇಲೆ ಅವನ್ನು ಪಂಜರದ ಸಮೇತ ಬಾಲ್ಕನಿಯ ಮೂಲೆಗೆ ಸರಿಸಿದವರೇ, ನಿಮ್ಮನ್ನು ನಾನು ಕಲ್ಲೆದೆಯವರೆಂದು ಯಾವತ್ತೂ ಎಣಿಸಿಲ್ಲ. ಬೀದಿನಾಯಿಗೆ ಅನ್ನ ಹಾಕುವವರು ನೀವು, ಬೇಸಿಗೆ ಬಂದರೆ ಹಕ್ಕಿಗಳಿಗೆಂದು ತಾರಸಿಯಲ್ಲಿ ನೀರಿಡುವವರು. ನಾಯಿ ಹಸಿದರೆ ಬಾಗಿಲು ಕೆರೆಯುತ್ತದೆ, ಬೆಕ್ಕು ಕಾಲು ಸುತ್ತಿ ಕಾಡುತ್ತದೆ, ನೀವು ಎದ್ದುಹೋಗುತ್ತೀರಿ. ಮೊಲ ಕೂಗುವುದಿಲ್ಲ. ಹದ್ದಿಗೂ ನರಿಗೂ ಹೆದರಿ ಹೆದರಿಯೇ ಬಾಳಿದ ಕುಲ ಅದು. ನೋವು ತೋರಿಸಿಕೊಂಡರೆ ತಾನೇ ಮೊದಲ ತುತ್ತೆಂದು ಅದರ ರಕ್ತಕ್ಕೆ ಗೊತ್ತು. ಪ್ರಾಣ ಹೋಗುವಂಥ ಭಯದಲ್ಲಿ ಒಮ್ಮೆ ಚೀರೀತು, ಅಷ್ಟೇ.

ಅದರ ಹಲ್ಲು ಬದುಕಿರುವಷ್ಟು ಕಾಲವೂ ಬೆಳೆಯುತ್ತದೆ. ಮುಂಬಲ್ಲಂತೂ ವರ್ಷಕ್ಕೆ ಸುಮಾರು 10 ಸೆಂಟಿಮೀಟರ್. ಅದನ್ನು ಸರಿಯಾಗಿ ಸವೆಸುವುದು ಹುಲ್ಲು. ಹುಲ್ಲಿಲ್ಲದೆ ಕ್ಯಾರೆಟ್ಟು, ಬಿಸ್ಕತ್ತು, ಅನ್ನವನ್ನೇ ಹಾಕುತ್ತ ಹೋದರೆ ದವಡೆಹಲ್ಲಿನ ಅಂಚು ಚೂಪಾಗಿ ನಾಲಿಗೆಯನ್ನೂ ಕೆನ್ನೆಯನ್ನೂ ಕೊಯ್ಯುತ್ತದೆ. ಹಸಿದ ಮೊಲ ತಟ್ಟೆಯ ಹತ್ತಿರ ಬಂದು, ಮೂಸಿ, ಬಾಯಿ ಹಾಕಲಾರದೆ ಹಿಂದೆ ಸರಿಯುತ್ತದೆ. ಹೊಟ್ಟೆ ತುಂಬಿರಬೇಕು ಅಂದುಕೊಂಡು ನೀವೂ ಒಳಗೆ ಹೋಗುತ್ತೀರಿ. ತಿನ್ನದಿದ್ದರೆ ಕರುಳಿನ ಚಲನೆ ನಿಲ್ಲುತ್ತದೆ, ಗ್ಯಾಸು ತುಂಬುತ್ತದೆ, ವಾಂತಿ ಮಾಡಿ ಹಗುರಾಗೋಣವೆಂದರೆ ಅದಕ್ಕೆ ಬಾರದು. ಒಂದೆರಡು ದಿನಗಳಲ್ಲಿ ಜೀವವೇ ಹೋದೀತು. ಆಗಲೂ ಮೊಲ ಕೂಗುವುದಿಲ್ಲ.

ಮೊಲ ಬಗ್ಗಿ ತನ್ನ ಹಿಂಬದಿಗೇ ಬಾಯಿ ಹಾಕುವುದನ್ನು ಕಂಡು ಅಸಹ್ಯಪಟ್ಟು ಗದರುವವರಿದ್ದಾರೆ. ದಯವಿಟ್ಟು ಗದರಬೇಡಿ. ಪಂಜರದಲ್ಲಿ ಉದುರುವ ಒಣ ಹಿಕ್ಕೆ ಬೇರೆ. ಮೊಲ ನುಂಗುವುದು ಹಿಪ್ಪುನೇರಳೆ ಹಣ್ಣಿನಂತೆ ಗೊಂಚಲಾದ, ಮೆತ್ತಗೆ ಹೊಳೆಯುವ ಉಂಡೆ. ಕರುಳಿನ ಸೂಕ್ಷ್ಮಜೀವಿಗಳು ಹುಲ್ಲಿನಿಂದ ತಯಾರಿಸಿದ ವಿಟಮಿನ್ನು, ಪ್ರೋಟೀನು ಅದರಲ್ಲಿವೆ. ಅದನ್ನು ತಿಂದೇ ಅದು ಬದುಕಬೇಕು.

ಮೊಲಕ್ಕೆ ಬೆವರಿ ತಣಿಯುವ ಭಾಗ್ಯವೂ ಇಲ್ಲ. ಮೈಯ ಕಾವು ಬಹುಪಾಲು ಆ ಉದ್ದ ಕಿವಿಗಳಿಂದಲೇ ಹೊರಹೋಗಬೇಕು. 30 ಡಿಗ್ರಿ ದಾಟಿದರೆ ಅದೂ ಸಾಲದು. ಹಾಗಿರುವಾಗ ರಾಯಚೂರು, ಕಲಬುರಗಿಯ 40 ಡಿಗ್ರಿ ಬಿಸಿಲಲ್ಲಿ, ತಗಡಿನ ಸೂರಿನಡಿ, ನೀರು ಬತ್ತಿದ ಬಟ್ಟಲಿನ ಮುಂದೆ ಅದು ಏದುಸಿರು ಬಿಡುವುದನ್ನು ನೆನೆಯಿರಿ. ಅದೇ ಕಿವಿ ಹಿಡಿದು ಎತ್ತುತ್ತೇವಲ್ಲ, ಹಿಂಗಾಲಿಗೆ ಆಸರೆ ಸಿಗದೆ ಒದ್ದಾಡಿದರೆ ಆ ರಭಸಕ್ಕೇ ಬೆನ್ನುಮೂಳೆ ಮುರಿಯಬಹುದು.

ಇನ್ನು ಗಬ್ಬದ ಅವಧಿ ಸುಮಾರು 31 ದಿನ, ಹೆತ್ತ ದಿನವೇ ಮತ್ತೆ ಗಬ್ಬ ಕಟ್ಟಬಲ್ಲದು. ಜೊತೆಯೊಂದು ಹಿಂಡಾದಾಗ, ಹೇಗೋ ಬದುಕಿಕೊಳ್ಳುತ್ತವೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಪಾರ್ಕಿನ ಪೊದೆಯಲ್ಲಿ ಬಿಟ್ಟು ಬರುತ್ತೀರಿ. ನಮ್ಮ ಬಯಲಿನ ಕಾಡುಮೊಲದ ಜಾತಿಯೇ ಬೇರೆ. ಯುರೋಪಿನ ಮೂಲದ ಈ ಸಾಕುಮೊಲಕ್ಕೆ ಅಡಗುವ ಮಣ್ಣುಬಣ್ಣವಿಲ್ಲ, ತಿರುಗಿ ಬರುವ ದಾರಿ ಗೊತ್ತಿಲ್ಲ. ಹಸಿವು ಬಾಯಾರಿಕೆಗೆ ಈಡಾಗುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಕಾನೂನಿನ ಭಯಕ್ಕಿಂತ ನಿಮ್ಮ ಮರುಕದ ಮೇಲೇ ನನಗೆ ನಂಬಿಕೆ.

ಇವತ್ತು ಸಂಜೆಯೇ ಆ ಮೂಲೆಗೆ ಹೋಗಿ. ಅಂಗಾಲು ಹುಣ್ಣಾಗಿಸುವ ತಂತಿಯ ಮೇಲೆ ಗೋಣಿತಾಟು ಹಾಸಿ, ರಾಶಿ ಒಣಹುಲ್ಲು, ಹಿಡಿ ಗರಿಕೆ ಇಡಿ, ನೀರು ತುಂಬಿಸಿ, ಪಂಜರದ ಬಾಗಿಲು ತೆರೆದು ಮನೆಯೊಳಗೆ ಓಡಾಡಲು ಬಿಡಿ. ಹಿಕ್ಕೆ ನಿಂತಿದ್ದರೆ, ಮೇವು ಮುಟ್ಟದಿದ್ದರೆ, ಬೆಳಗಾಗಲೆಂದು ಕಾಯದೆ ಪಶುವೈದ್ಯರ ಬಳಿ ಒಯ್ಯಿರಿ. ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೂ ಅವರ ಹತ್ತಿರವೇ ವಿಚಾರಿಸಿ. ಇನ್ನೂ ತಂದಿಲ್ಲದವರೇ, ಮಗು ಎಷ್ಟೇ ಹಟ ಹಿಡಿದರೂ, ಎಂಟು ಹತ್ತು ವರ್ಷ ಹುಲ್ಲು ಹೊಂದಿಸುವ ಚೈತನ್ಯ ಮನೆಯ ಹಿರಿಯರಿಗಿಲ್ಲದಿದ್ದರೆ ದಯವಿಟ್ಟು ತರಬೇಡಿ.