ಮಗುವಿನ ಅನ್ನಕ್ಕೆ ರಾಜಿಯುಂಟೆ?

ಚಿಕ್ಕಜಾಲ, ಬಾಗಲೂರು, ಯಲಹಂಕಗಳ ಕಡೆಯ ಹಳ್ಳಿಗಳಲ್ಲಿ ಗಂಡಹೆಂಡಿರಿಗೆ ಒಗೆತನ ಸಾಗದೆಹೋದಾಗ ಹಿರಿಯರು ಅರಳಿಕಟ್ಟೆಯಲ್ಲಿಯೋ ಯಾರಾದರೊಬ್ಬರ ಜಗಲಿಯ ಮೇಲೆಯೋ ಕುಳಿತು ತೀರ್ಮಾನ ಹೇಳುವ ಪದ್ಧತಿ ಇನ್ನೂ ಅಳಿದಿಲ್ಲ. ಅಳಿಯಬೇಕೆಂದೂ ಯಾರೂ ಹೇಳುವುದಿಲ್ಲ. ಹಿರಿಯರ ಮಾತಿನಿಂದ ಕೂಡಿದ ಮನೆಗಳೂ ಉಂಟು. ಆದರೆ ಕೂಡದ ಮನೆಗಳ ವಿಷಯದಲ್ಲಿ ಈ ಪಂಚಾಯಿತಿಯು ಬರೆಯಿಸುವ ಛಾಪಾ ಕಾಗದದ ಕೊನೆಯ ವಾಕ್ಯವೊಂದು ವಿಚಾರಾರ್ಹವಾಗಿದೆ. ಹೆಂಡತಿಯು ಇಷ್ಟು ಹಣವನ್ನು ಒಂದೇ ಗಂಟಾಗಿ ತೆಗೆದುಕೊಂಡಳು, ಇನ್ನು ಮುಂದೆ ತನಗಾಗಲಿ ತನ್ನ ಮಗುವಿಗಾಗಲಿ ಗಂಡನಿಂದ ಏನೂ ಬರತಕ್ಕದ್ದಿಲ್ಲ ಎಂಬುದೇ ಆ ವಾಕ್ಯ. ಅದರ ಕೆಳಗೆ ಗಂಡನ ಸಹಿ, ಹೆಂಡತಿಯ ಸಹಿ, ಸಾಕ್ಷಿಗಳ ಸಹಿ. ಯಾರ ಅನ್ನವು ಅಲ್ಲಿ ವಿಕ್ರಯವಾಯಿತೋ ಆ ಮಗುವಿನ ಸಹಿ ಮಾತ್ರ ಇಲ್ಲ.

ತಾಯಿಯು ತನ್ನ ಹಕ್ಕನ್ನು ಬಿಡಬಹುದೋ ಬಾರದೋ ಎಂಬುದು ಬೇರೆ ಚರ್ಚೆ. ಮಗುವಿನ ಹಕ್ಕಾದರೋ ಆಕೆಯ ಸ್ವತ್ತಲ್ಲ. ತನ್ನದಲ್ಲದುದನ್ನು ದಾನಮಾಡುವ ಅಧಿಕಾರ ಯಾರಿಗೂ ಇಲ್ಲವೆಂಬುದನ್ನು ಹಸುವಿನ ವ್ಯಾಪಾರದಲ್ಲಿ ಒಪ್ಪುವ ಪಂಚರು ಶಿಶುವಿನ ವಿಷಯದಲ್ಲಿ ಮರೆಯುವುದೇಕೆ? ಇಂಥ ಕಾಗದವು ಮಗುವನ್ನು ಕಟ್ಟಿಹಾಕಲಾರದು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯ 20ನೆಯ ಕಲಮು, ಮಗುವು ವಿವಾಹದಿಂದ ಹುಟ್ಟಿದ್ದಾಗಲಿ ಅಲ್ಲದಿರಲಿ, ಅಪ್ರಾಪ್ತವಯಸ್ಕವಾಗಿರುವ ತನಕ ಅದನ್ನು ಪೋಷಿಸುವ ಹೊಣೆಯನ್ನು ತಂದೆತಾಯಿಗಳಿಬ್ಬರ ಮೇಲೂ ಹೊರಿಸಿದೆ. ತನ್ನನ್ನು ತಾನು ಪೋಷಿಸಿಕೊಳ್ಳಲಾರದ ಅವಿವಾಹಿತ ಮಗಳಿಗೆ ವಯಸ್ಸು ತುಂಬಿದ ಮೇಲೂ ಆ ಹಕ್ಕು ನಿಲ್ಲುವುದಿಲ್ಲ. ಇದಲ್ಲದೆ ಯಾವ ಮತದವರಿಗೂ ಅನ್ವಯಿಸುವ ಇನ್ನೊಂದು ಮಾರ್ಗವಿದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮಾಗಿದ್ದುದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಾಗಿದೆ. ಶಕ್ತಿಯಿದ್ದೂ ಮಗುವನ್ನು ಅಲಕ್ಷಿಸುವವನಿಗೆ ತಿಂಗಳು ತಿಂಗಳು ಇಷ್ಟು ಕೊಡೆಂದು ನ್ಯಾಯಾಧೀಶರು ಆಜ್ಞಾಪಿಸುವ ಕಲಮು ಅದು. ತಾಯಿಯು ತಾನಿರುವ ಊರಿನ ವ್ಯಾಪ್ತಿಯ ನ್ಯಾಯಾಲಯದಲ್ಲಿಯೇ ಅರ್ಜಿ ಕೊಡಬಹುದು. ಗಂಡನ ಊರಿಗೆ ಅಲೆಯಬೇಕಾದುದಿಲ್ಲ.

ಈ ಕಾಯಿದೆಗಳೆಲ್ಲ ಪರದೇಶದ ಸರಕು, ಧರ್ಮಶಾಸ್ತ್ರದಲ್ಲಿ ತಂದೆಯೇ ಯಜಮಾನ ಎಂದು ವಾದಿಸುವ ಪಂಡಿತಮ್ಮನ್ಯರು ಉಂಟು. ಇವರು ಮಿತಾಕ್ಷರೆಯನ್ನು ಹೆಸರಿನಿಂದ ಮಾತ್ರ ಬಲ್ಲವರು. ಆ ಗ್ರಂಥವು ಹುಟ್ಟಿದ್ದೇ ಕನ್ನಡನಾಡಿನಲ್ಲಿ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವದು. ತನ್ನ ಸ್ವತ್ತನ್ನಾದರೂ ಕುಟುಂಬಪೋಷಣೆಗೆ ಬಾಧೆ ಬಾರದಂತೆಯೇ ದಾನಮಾಡಬೇಕೆಂಬುದು ಸ್ಮೃತಿಯ ವಿಧಿ. ವೃದ್ಧರಾದ ತಂದೆತಾಯಿಗಳನ್ನೂ ಸಾಧ್ವಿಯಾದ ಹೆಂಡತಿಯನ್ನೂ ಎಳೆಯ ಮಗುವನ್ನೂ ನೂರು ಅಕಾರ್ಯಗಳನ್ನು ಮಾಡಿಯಾದರೂ ಸಾಕಲೇಬೇಕೆಂಬುದು ಮನುವಿನ ಮಾತೆಂದು ಪರಂಪರೆಯಿಂದ ಬಂದ ವಚನದ ತಾತ್ಪರ್ಯ. ಯಜಮಾನಿಕೆಗೆ ಮನುವನ್ನು ಕರೆದು, ಪೋಷಣೆಗೆ ಕರೆಯದಿರುವುದು ಅರ್ಧಜರತೀಯ ನ್ಯಾಯವಲ್ಲದೆ ಮತ್ತೇನು?

ಶಾಸ್ತ್ರಕ್ಕಿಂತ ಕಾಯಿದೆಯೇ ಬಹುಕಾಲ ಜಿಪುಣವಾಗಿದ್ದಿತು. ಬ್ರಿಟಿಷರ 1898ರ ಸಂಹಿತೆಯ 488ನೆಯ ಕಲಮು ತಿಂಗಳಿಗೆ 50 ರೂಪಾಯಿಗಳ ಮಿತಿಯನ್ನು ಇಟ್ಟಿತ್ತು. 1923ರಲ್ಲಿ ಅದು 100, 1955ರಲ್ಲಿ 500 ಆಯಿತು. ಆ 500 ರೂಪಾಯಿ 2001ರ ವರೆಗೂ ಕದಲಲಿಲ್ಲ. ಅಕ್ಕಿಯ ಬೆಲೆ ಎಷ್ಟೇರಿದರೂ ಮಗುವಿನ ತುತ್ತಿಗೆ ಅದೇ ಅಳತೆ. 2001ರ ತಿದ್ದುಪಡಿಯಿಂದ ಮಿತಿ ತೊಲಗಿತು. ಹಿಂದಿನ ಕಾಲದ ಪಂಚರು “ಕೋರ್ಟಿಗೆ ಹೋದರೆ ಸಿಗುವುದೆಷ್ಟು?” ಎಂದು ಕೇಳುತ್ತಿದ್ದುದರಲ್ಲಿ ಹುರುಳಿತ್ತು. ಈಗಿನವರು ಕೇಳಿದರೆ ಅದು ಅಜ್ಞಾನ.

ಚಿಕ್ಕಜಾಲದ ಸೀಮೆಗೆ ವಿಶೇಷವಾದ ತೊಡಕೊಂದಿದೆ. 2008ರಲ್ಲಿ ದೇವನಹಳ್ಳಿಯ ವಿಮಾನನಿಲ್ದಾಣವು ತೆರೆದ ಮೇಲೆ ಬಳ್ಳಾರಿ ರಸ್ತೆಯ ಅಕ್ಕಪಕ್ಕದ ಹೊಲಗಳಿಗೆ ಬಂದ ಬೆಲೆ ಎಲ್ಲರಿಗೂ ತಿಳಿದುದೇ. ರಾಗಿ ಬೆಳೆಯುತ್ತಿದ್ದ ನೆಲ ಸೈಟುಗಳಾಯಿತು. ಬಾಡಿಗೆಯ ಕೊಠಡಿಗಳು ಎದ್ದವು. ಇಂಥ ಆದಾಯಕ್ಕೆ ಸಂಬಳದ ಚೀಟಿಯಿಲ್ಲ. ಆದುದರಿಂದ ಊರಿನಲ್ಲಿ ಕಾರಿನಲ್ಲಿ ಓಡಾಡುವ ತಂದೆಯು ನ್ಯಾಯಾಲಯದ ಮೆಟ್ಟಿಲೇರಿದೊಡನೆ ಕೂಲಿಯವನಾಗಿಬಿಡುತ್ತಾನೆ! ಈ ವೇಷಾಂತರಕ್ಕೆ ಸುಪ್ರೀಂ ಕೋರ್ಟು 2020ರ ನವೆಂಬರ್ 4ರ ತೀರ್ಪಿನಲ್ಲಿ ಮದ್ದು ಕೊಟ್ಟಿದೆ: ಉಭಯರೂ ತಮ್ಮ ಆಸ್ತಿ, ಆದಾಯ, ಸಾಲ, ವೆಚ್ಚಗಳನ್ನೆಲ್ಲ ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು; ಜೀವನಾಂಶವು ಅರ್ಜಿ ಕೊಟ್ಟ ದಿನದಿಂದಲೇ ಸಲ್ಲಬೇಕು. ಮೊಕದ್ದಮೆಯನ್ನು ಎಳೆದಷ್ಟೂ ಲಾಭವೆಂಬ ಲೆಕ್ಕ ಇದರಿಂದ ತಲೆಕೆಳಗಾಯಿತು. ಸುಳ್ಳು ಪ್ರಮಾಣವು ತಾಯಿಗೂ ಅಪರಾಧವೇ ಎಂಬುದನ್ನು ಆಕೆಯ ಕಡೆಯವರೂ ನೆನಪಿಡಬೇಕು. ಇಲ್ಲದ ಖರ್ಚನ್ನು ಉಬ್ಬಿಸಿ ಬರೆಯುವ ಚಾಳಿಯೂ ಕಾಣದುದಲ್ಲ.

“ಅವಳೂ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾಳೆ, ದುಡಿಯುತ್ತಾಳೆ, ಇವನೇಕೆ ಕೊಡಬೇಕು?” ಎಂಬುದು ಮತ್ತೊಂದು ಆಕ್ಷೇಪ. ತಾಯಿ ದುಡಿದರೆ ತಂದೆಯ ಪಿತೃತ್ವ ರದ್ದಾಗುವುದೆ? ಇಬ್ಬರೂ ಸಂಪಾದಿಸುವಾಗ ಆದಾಯಕ್ಕೆ ತಕ್ಕ ಪ್ರಮಾಣದಲ್ಲಿ ಇಬ್ಬರೂ ಹೊರಬೇಕೆಂದು ಸುಪ್ರೀಂ ಕೋರ್ಟು 2000ದಲ್ಲಿಯೇ ಹೇಳಿ, ಆ ಪ್ರಸಂಗದಲ್ಲಿ ತಂದೆಗೆ ಎರಡು ಪಾಲು, ತಾಯಿಗೆ ಒಂದು ಪಾಲು ಎಂದು ಗೊತ್ತುಮಾಡಿತು.

ಎಲ್ಲಕ್ಕಿಂತ ಕ್ರೂರವಾದುದು ಮಗುವನ್ನೇ ಒತ್ತೆಯಿಡುವ ವಾದ. ಮಗುವನ್ನು ತೋರಿಸುವುದಿಲ್ಲವಾದ್ದರಿಂದ ಹಣ ಕೊಡೆನೆಂದು ತಂದೆ. ಹಣ ಬಾರದುದರಿಂದ ಮಗುವನ್ನು ತೋರಿಸೆನೆಂದು ತಾಯಿ. ಕಾಣುವ ಹಕ್ಕಿಗೆ 1890ರ ಪೋಷಕರ ಮತ್ತು ಪಾಲ್ಯರ ಕಾಯಿದೆಯೂ 1955ರ ಹಿಂದೂ ವಿವಾಹ ಕಾಯಿದೆಯ 26ನೆಯ ಕಲಮೂ ಬೇರೆ ದಾರಿಯನ್ನು ತೋರಿಸಿವೆ. ತಂದೆಯ ಮುಖ ಕಾಣದ ತಿಂಗಳಲ್ಲಿ ಮಗುವಿಗೆ ಹಸಿವಾಗದೆ? ಶುಲ್ಕ ಬಾರದ ತಿಂಗಳಲ್ಲಿ ಅದಕ್ಕೆ ತಂದೆಯ ನೆನಪಾಗದೆ? ಒಂದು ಅನ್ಯಾಯಕ್ಕೆ ಇನ್ನೊಂದನ್ನು ಈಡು ಕಟ್ಟುವ ಈ ವ್ಯವಹಾರದಲ್ಲಿ ಬಡ್ಡಿ ತೆರುವುದು ಕೂಸೊಂದೇ.

ಆಜ್ಞೆಯಾದ ಮೇಲೂ ಕೊಡದವನ ಮೇಲೆ ವಾರಂಟು ಹೊರಡಿಸಿ ದಂಡದಂತೆ ವಸೂಲು ಮಾಡಬಹುದು. ಆಗಲೂ ತೆರದಿದ್ದರೆ ಬಾಕಿಯ ಒಂದೊಂದು ತಿಂಗಳಿಗೆ ಒಂದು ತಿಂಗಳವರೆಗೆ ಸೆರೆ. ಸೆರೆಮನೆ ಕಂಡುಬಂದರೆ ಸಾಲ ತೀರಿತೆಂದು ತಿಳಿಯುವವರೂ ಇದ್ದಾರೆ. ತೀರುವುದಿಲ್ಲವೆಂದು ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ಆದರೆ ಬಾಕಿಯಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಕೊಡದಿದ್ದರೆ ಈ ವಾರಂಟಿನ ದಾರಿ ಮುಚ್ಚಿಹೋಗುವುದು. “ನಾಳೆ ಕೊಡುತ್ತಾನೆ, ತಾಳಮ್ಮ” ಎಂದು ಹಿರಿಯರು ಸಮಾಧಾನ ಹೇಳುತ್ತಿರುವಾಗ ಕಳೆಯುವುದು ಆ ವರ್ಷವೇ.

ವಕೀಲರಿಗೆ ಹಣವಿಲ್ಲವೆಂಬ ಅಂಜಿಕೆಗೂ ಕಾರಣವಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ ಮೇರೆಗೆ ಸ್ತ್ರೀಯರಿಗೂ ಮಕ್ಕಳಿಗೂ ಆದಾಯವೆಷ್ಟೇ ಇರಲಿ ಉಚಿತ ನೆರವುಂಟು. ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ರಾಜ್ಯ ಪ್ರಾಧಿಕಾರದ ಕಚೇರಿಯಿದೆ. ಪಂಚರು ಕಾಗದ ಬರೆಯಿಸಲೇಬೇಕೆಂದಿದ್ದರೆ ಹಳೆಯ ಆ ಕೊನೆಯ ವಾಕ್ಯವನ್ನು ಹೊಡೆದುಹಾಕಲಿ. ಮಗುವಿನ ಹೆಸರಿನ ಖಾತೆಗೆ ಯಾವ ತಾರೀಖಿನಂದು ಎಷ್ಟು ಹಣ ಬೀಳತಕ್ಕದ್ದು, ಶಾಲೆಯ ಶುಲ್ಕ ಯಾರದು, ಕಾಯಿಲೆಯ ಖರ್ಚು ಯಾರದು, ವರ್ಷ ವರ್ಷಕ್ಕೆ ಎಷ್ಟು ಏರತಕ್ಕದ್ದು, ತಂದೆಯು ಯಾವ ಯಾವ ದಿನ ಮಗುವನ್ನು ಕಾಣತಕ್ಕದ್ದು ಎಂಬುದನ್ನು ಬರೆಯಿಸಿ, ಅದನ್ನು ನ್ಯಾಯಾಧೀಶರ ಮುಂದಿಟ್ಟು ಆಜ್ಞೆಯಾಗಿ ಮಾಡಿಸಲಿ.